ಟೆಕ್ ಡೈವಿಂಗ್ ಕೋರ್ಸ್: ಕಾರ್ಡಿಗಿಂತ ಮೊದಲು ಸಿಲಿಂಡರಿನ ಟೇಪ್ ನೋಡಿ

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಕಲಿತವರಿಗೆ 40 ಮೀಟರ್ ಕೊನೆಯ ಗೆರೆ. ಅದರೊಳಗೆ, ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕವಿಡುವ ಸಾಧನ) ತೋರಿಸುವ ಸಮಯ ಮೀರದಂತೆ ಇದ್ದರೆ, ತೊಂದರೆಯಾದಾಗ ನೇರ ಮೇಲೆ ಬರಬಹುದು. ಈ ಮಿತಿಗಳನ್ನು ಮೀರಿ ಇಳಿಯುವ ಟೆಕ್ನಿಕಲ್ ಡೈವಿಂಗಿನಲ್ಲಿ ಆ ದಾರಿ ಮುಚ್ಚಿರುತ್ತದೆ. ಮೈಯಲ್ಲಿ ಕರಗಿದ ಸಾರಜನಕ, ಹೀಲಿಯಂ ಹೊರಹೋಗಲು ಹಂತಹಂತವಾಗಿ ನಿಂತುನಿಂತು ಬರಬೇಕು. ಇದಕ್ಕೆ ಡೀಕಂಪ್ರೆಷನ್ ಎನ್ನುತ್ತಾರೆ, ಡೈವರ್‌ಗಳ ಬಾಯಲ್ಲಿ ‘ಡೆಕೊ’. ಇಂಥ ಕೋರ್ಸ್ ಆರಿಸುವಾಗ ಹೆಚ್ಚಿನವರು ನೋಡುವುದು ಎರಡನ್ನೇ: ಫೀಸ್ ಎಷ್ಟು, ಎಷ್ಟು ಆಳಕ್ಕೆ ಕಾರ್ಡ್ ಸಿಗುತ್ತದೆ. ಎರಡೂ ಪ್ರಾಣ ಉಳಿಸುವ ವಿಷಯಗಳಲ್ಲ.

ಮೊದಲು ಏಜೆನ್ಸಿಯ ಮಾನದಂಡ ಓದಿ. ಟಿಡಿಐ, ಐಎಎನ್‌ಟಿಡಿ, ಪ್ಯಾಡಿ, ಜಿಯುಇ ಯಾವುದೂ ಸರ್ಕಾರಿ ಇಲಾಖೆಯಲ್ಲ. ಕೋರ್ಸ್ ಬರೆದು, ಇನ್‌ಸ್ಟ್ರಕ್ಟರ್‌ಗಳಿಗೆ ಪರವಾನಗಿ ಕೊಟ್ಟು, ದೂರು ಬಂದರೆ ವಿಚಾರಿಸುವ ಖಾಸಗಿ ಸಂಸ್ಥೆಗಳು. ಟಿಡಿಐ, ಜಿಯುಇ ಮಾನದಂಡಗಳು ಅವುಗಳ ವೆಬ್‌ಸೈಟಿನಲ್ಲೇ ಸಿಗುತ್ತವೆ. ಪ್ರವೇಶಕ್ಕೆ ಎಷ್ಟು ಡೈವ್ ಬೇಕು, ಎಷ್ಟು ಆಳದ ಮಿತಿ, ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ವಿದ್ಯಾರ್ಥಿಗಳು, ಈ ಮೂರನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಟಿಡಿಐನ ಡೀಕಂಪ್ರೆಷನ್ ಪ್ರೊಸೀಜರ್ಸ್ ಕೋರ್ಸಿಗೆ 25 ಡೈವ್ ಸಾಕು, ಮಿತಿ 45 ಮೀಟರ್. ಪ್ಯಾಡಿಯ ಟೆಕ್ 40ಕ್ಕೆ 30 ಡೈವ್ ಬೇಕು, ಅದರಲ್ಲಿ 10 ಡೈವ್ 18 ಮೀಟರಿಗಿಂತ ಕೆಳಗೆ, ನೈಟ್ರಾಕ್ಸಿನಲ್ಲಿ (ಆಮ್ಲಜನಕ ಹೆಚ್ಚಿಸಿದ ಗಾಳಿಯಲ್ಲಿ) ಆಗಿರಬೇಕು. ಇವು ಕನಿಷ್ಠ ಲೆಕ್ಕ. 25 ಡೈವಿಗೇ ಡೆಕೊ ಕಲಿಯಲು ಹೊರಡುವುದು ಈಜು ಬಂತೆಂದು ಮಳೆಗಾಲದ ಶರಾವತಿಗೆ ಇಳಿದಂತೆ. ನೂರು ಡೈವ್ ಆಗಲಿ, ಕೈ ಆಡಿಸದೆ ಅರ್ಧ ಮೀಟರಿನೊಳಗೆ ಒಂದೇ ಆಳದಲ್ಲಿ ಐದು ನಿಮಿಷ ನಿಲ್ಲಲು ಬರಲಿ, ಆಮೇಲೆ ಫೀಸ್ ಕಟ್ಟಿ.

ಮಾನದಂಡಗಳು ಒಂದೇ ಥರ ಇರುವುದಿಲ್ಲ. ಟಿಡಿಐನ ಎಕ್ಸ್‌ಟೆಂಡೆಡ್ ರೇಂಜ್ ಕೋರ್ಸ್ ಗಾಳಿಯಲ್ಲೇ 55 ಮೀಟರ್‌ವರೆಗೆ ಒಯ್ಯುತ್ತದೆ. 30 ಮೀಟರ್ ದಾಟಿದರೆ ಮಿಶ್ರಣದಲ್ಲಿ ಹಗುರವಾದ ಹೀಲಿಯಂ ಇರಲೇಬೇಕು ಎನ್ನುವುದು ಜಿಯುಇ. ಇಲ್ಲಿ ಜಿಯುಇ ಮಾತು ಕೇಳಿ. ಉಸಿರಾಡುವ ಅನಿಲದ ಸಾಂದ್ರತೆ ಲೀಟರಿಗೆ 5.2 ಗ್ರಾಂ ಒಳಗಿರಲಿ, 6.2 ದಾಟಲೇಬಾರದು ಎಂಬುದು ಈಗ ಬಳಕೆಯಲ್ಲಿರುವ ಸಲಹೆ. 55 ಮೀಟರಿನಲ್ಲಿ ಗಾಳಿ ಸುಮಾರು 8 ಗ್ರಾಂ ತೂಗುತ್ತದೆ. ಅಷ್ಟು ದಪ್ಪ ಗಾಳಿಯನ್ನು ಎಳೆದು ಬಿಡುವುದರಲ್ಲೇ ಶ್ವಾಸಕೋಶ ಸೋಲುತ್ತದೆ, ಇಂಗಾಲದ ಡೈಆಕ್ಸೈಡ್ ಮೈಯಲ್ಲೇ ಉಳಿಯುತ್ತದೆ, ಆಳದಲ್ಲಿ ಸಾರಜನಕ ತರುವ ಅಮಲು ಇನ್ನೂ ಏರುತ್ತದೆ. ಇನ್ನು ಗೋಡೆಯ ಮೇಲೆ ‘ಐಎಸ್ಒ 24801’ ಪ್ರಮಾಣಪತ್ರ ತೂಗುಹಾಕಿ ಟ್ರೈಮಿಕ್ಸ್ (ಆಮ್ಲಜನಕ, ಸಾರಜನಕ, ಹೀಲಿಯಂ ಮಿಶ್ರಣ) ಕೋರ್ಸ್ ಮಾರುವ ಅಂಗಡಿಗಳುಂಟು. ಅದು ಮನರಂಜನಾ ಡೈವಿಂಗಿನ ಮೂರು ಹಂತಗಳ ಮಾನದಂಡ. ಟ್ರೈಮಿಕ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಇನ್‌ಸ್ಟ್ರಕ್ಟರ್ ಸದಸ್ಯ ಸಂಖ್ಯೆ ಕೇಳಿ, ಇದೇ ಹಂತವನ್ನು ಕಲಿಸಲು ಈ ವರ್ಷ ಅನುಮತಿ ಇದೆಯೇ ಎಂದು ಏಜೆನ್ಸಿಗೆ ಇಮೇಲ್ ಹಾಕಿ. ಒಂದೇ ವಾರದಲ್ಲಿ ಎರಡು ಮೂರು ಹಂತ ಮುಗಿಸಿಕೊಡುವ ಪ್ಯಾಕೇಜ್ ಬೇಡ.

ಈಗ ನಿಜವಾದ ಪರೀಕ್ಷೆ. ಕೋರ್ಸಿಗೆ ಸೇರುವ ಮುನ್ನ ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ, ಅಲ್ಲಿಯವರು ಸಿಲಿಂಡರಿನ ಅನಿಲವನ್ನು ಹೇಗೆ ಅಳೆಯುತ್ತಾರೆ ಎಂದು ಸುಮ್ಮನೆ ನಿಂತು ನೋಡಿ.

ಡೆಕೊಗೆ ಸಾಮಾನ್ಯವಾಗಿ ಒಯ್ಯುವುದು 50 ಶೇಕಡಾ ಆಮ್ಲಜನಕದ ಸಿಲಿಂಡರ್. ಡೆಕೊದಲ್ಲಿ ಆಮ್ಲಜನಕದ ಆಂಶಿಕ ಒತ್ತಡದ (ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲಿನ) ಮಿತಿ 1.6 ಬಾರ್. ಆ ಲೆಕ್ಕದಲ್ಲಿ 50 ಶೇಕಡಾ ಮಿಶ್ರಣವನ್ನು 22 ಮೀಟರಿನವರೆಗೆ ಉಸಿರಾಡಬಹುದು, ರೂಢಿಯಲ್ಲಿ 21. ಶುದ್ಧ ಆಮ್ಲಜನಕವಾದರೆ ಬರೀ 6. ಈ ಅಂಕಿ ಸರಿಯಾಗಿರಬೇಕಾದರೆ ಆಮ್ಲಜನಕ ಅಳೆಯುವ ಸಾಧನ, ಅನಲೈಸರ್, ಸರಿಯಾಗಿರಬೇಕು, ತಪ್ಪುವುದೂ ಅಲ್ಲೇ. ಹೊರಗಿನ ಗಾಳಿಗೆ ಹಿಡಿದು 20.9ಕ್ಕೆ ತಿರುಗಿಸಿ ‘ಆಯ್ತು’ ಎನ್ನುವವರೇ ಹೆಚ್ಚು. ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಗಾಳಿ ತುಂಬ ನೀರಾವಿ ಇರುತ್ತದೆ, ಆಮ್ಲಜನಕದ ಪಾಲು ನಿಜಕ್ಕೂ 20ರ ಆಸುಪಾಸಿಗೆ ಇಳಿದಿರುತ್ತದೆ. ಅದನ್ನೇ 20.9 ಎಂದು ನಂಬಿಸಿದ ಅನಲೈಸರ್, ಸಿಲಿಂಡರಿನ ಒಣ ಅನಿಲ 50 ಇದ್ದರೆ 52 ಎಂದು ತೋರಿಸುತ್ತದೆ. 52 ಎಂದು ಕಂಪ್ಯೂಟರಿಗೆ ಕೊಟ್ಟರೆ ಅದು ನಿಮ್ಮನ್ನು ಬೇಗ ಮೇಲೆ ಕಳಿಸುತ್ತದೆ. ಆದ್ದರಿಂದ ಸಾಮಾನ್ಯ ಗಾಳಿ ತುಂಬಿದ ಸಿಲಿಂಡರಿನಿಂದಲೇ, ಅದೇ ಕೊಳವೆ, ಅದೇ ಹರಿವಿನಲ್ಲಿ, ನಿಮಿಷಕ್ಕೆ ಒಂದೆರಡು ಲೀಟರಿನಂತೆ ಬಿಟ್ಟು ಹೊಂದಿಸಿ. ಅಂಕಿ ನಿಲ್ಲುವವರೆಗೆ ಕಾಯಿರಿ.

ಆಮೇಲೆ ಅನಲೈಸರಿನೊಳಗೆ ಆಮ್ಲಜನಕವನ್ನು ಗ್ರಹಿಸುವ ಸೆಲ್ಲಿನ ವಯಸ್ಸು. ಹಳೆಯ ಸೆಲ್ ಗಾಳಿಯಲ್ಲಿ ಚೆನ್ನಾಗಿಯೇ ಓದಿ, ಆಮ್ಲಜನಕ ಹೆಚ್ಚಾದಾಗ ಕೈಕೊಡುತ್ತದೆ. ಗಾಳಿಯಲ್ಲಿ 10 ಮಿಲಿವೋಲ್ಟ್ ತೋರಿಸಿದ ಸೆಲ್ ಶುದ್ಧ ಆಮ್ಲಜನಕದಲ್ಲಿ 48ರ ಹತ್ತಿರ ಬರಬೇಕು. 42ಕ್ಕೇ ನಿಂತರೆ ಕಸದ ಬುಟ್ಟಿಗೆ. ವಾಲ್ವಿಗೆ ಕೈಯಿಂದ ಒತ್ತಿಹಿಡಿಯುವ ಅಗ್ಗದ ಅನಲೈಸರ್ ಕೊಳ್ಳಲೇಬೇಡಿ. ಸಂದಿನಲ್ಲಿ ಹೊರಗಾಳಿ ನುಗ್ಗಿ 50 ಇರುವುದು 46 ಎಂದು ಕಾಣುತ್ತದೆ, 46ಕ್ಕೆ ಮಿತಿ 24 ಮೀಟರ್ ದಾಟುತ್ತದೆ, ಮೂರು ಮೀಟರ್ ಕೆಳಗೇ ನೀವು ಬಾಯಿಗಿಡುತ್ತೀರಿ. ಟ್ರೈಮಿಕ್ಸ್ ಆದರೆ ಹೀಲಿಯಂ ಕೂಡ ಅಳೆಯಬೇಕು. ಆಮ್ಲಜನಕ ಒಂದನ್ನೇ ಅಳೆದು ಉಳಿದದ್ದನ್ನು ಊಹಿಸುವ ಅಂಗಡಿಯಿಂದ ಎದ್ದು ಬನ್ನಿ.

ಅಳೆದ ಮರುಕ್ಷಣವೇ ಟೇಪ್. ಒಂದರಲ್ಲಿ ಅಳತೆ, ದಿನಾಂಕ, ಅಳೆದವರ ಸಹಿ. ಇನ್ನೊಂದರಲ್ಲಿ ಆಳ ಮಾತ್ರ: ‘21’, ಅಂಗೈ ಎತ್ತರದ ಅಂಕಿಯಲ್ಲಿ, ಸಿಲಿಂಡರಿನ ಎರಡೂ ಬದಿಗೆ, ಜೊತೆಗಾರನಿಗೂ ಕಾಣುವಂತೆ. ಯಾರು ಉಸಿರಾಡುತ್ತಾರೋ ಅವರೇ ಅಳೆದು ಅವರೇ ಬರೆಯಬೇಕು. ‘ನೈಟ್ರಾಕ್ಸ್’ ಎಂದು ಮುದ್ರಿಸಿದ ಹಸಿರು-ಹಳದಿ ಪಟ್ಟಿ ಅಂದಕ್ಕೆ ಸರಿ, ಒಳಗೆ ಏನಿದೆ ಎಂದು ಅದು ಹೇಳುವುದಿಲ್ಲ. ಬಣ್ಣಬಣ್ಣದ ಮೌತ್‌ಪೀಸ್ ಹಾಕಿ ಬಣ್ಣದಿಂದಲೇ ಅನಿಲ ಗುರುತಿಸುವ ಪದ್ಧತಿಯೂ ಬೇಡ. ನೀರಿನ ಆಳದಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ.

ಟೇಪಿನ ಬೆಲೆ ಗೊತ್ತಾಗುವುದು ನೀರೊಳಗೆ ಅನಿಲ ಬದಲಿಸುವಾಗ. 45 ಮೀಟರಿನಲ್ಲಿ ತಪ್ಪಿ 50 ಶೇಕಡಾ ಬಾಯಿಗಿಟ್ಟರೆ ಆಮ್ಲಜನಕದ ಆಂಶಿಕ ಒತ್ತಡ 2.75 ಬಾರ್. 21ರಲ್ಲಿ ತಪ್ಪಿ ಶುದ್ಧ ಆಮ್ಲಜನಕ ಇಟ್ಟರೆ 3.1. ಮುನ್ಸೂಚನೆ ಇಲ್ಲದೆ ಅಪಸ್ಮಾರದಂಥ ಸೆಳೆತ ಬಂದು ರೆಗ್ಯುಲೇಟರ್ (ಉಸಿರಾಡಲು ಬಾಯಿಗಿಡುವ ಸಾಧನ) ಬಾಯಿಂದ ಬೀಳಬಹುದು. ಆಮೇಲೆ ಮುಳುಗುವುದೇ.

ಕ್ರಮ ಹೀಗೆ. 21 ಮೀಟರಿಗೆ ಬಂದು ಪೂರ್ತಿ ನಿಲ್ಲಿ, ಕಂಪ್ಯೂಟರಿನ ಆಳ ಓದಿ. ಸಿಲಿಂಡರಿನ ಅಂಕಿಯನ್ನು ಜೊತೆಗಾರನಿಗೆ ತೋರಿಸಿ. ಅವನು ಅಂಕಿಯನ್ನೂ ತನ್ನ ಆಳವನ್ನೂ ಹೋಲಿಸಿ ನೋಡಿ ‘ಓಕೆ’ ಕೊಡುವವರೆಗೆ ಬಾಯಿಯದನ್ನು ತೆಗೆಯಬೇಡಿ. ರೆಗ್ಯುಲೇಟರ್ ಬಿಡಿಸಿ, ವಾಲ್ವ್ ತೆರೆಯಿರಿ. ಈಗ ವಾಲ್ವಿನಿಂದ ಕೈಯಲ್ಲಿರುವ ರೆಗ್ಯುಲೇಟರಿನವರೆಗೆ ಹೋಸನ್ನು ಬೆರಳಿನಿಂದ ಸವರುತ್ತಾ ಬನ್ನಿ. ಎರಡು ಡೆಕೊ ಸಿಲಿಂಡರ್ ಒಂದೇ ಬದಿಯಲ್ಲಿದ್ದಾಗ ಬೇರೆಯದರ ರೆಗ್ಯುಲೇಟರ್ ಕೈಗೆ ಬರುವುದು ಇಲ್ಲೇ, ಎಲ್ಲರೂ ಹಾರಿಸುವುದೂ ಈ ಹೆಜ್ಜೆಯನ್ನೇ. ಬಾಯಿಗಿಟ್ಟು ಮೂರ್ನಾಲ್ಕು ಉಸಿರು ಎಳೆಯುವಾಗ ಆ ಸಿಲಿಂಡರಿನ ಗೇಜ್ ನೋಡಿ. ಮುಳ್ಳು ಸೊನ್ನೆಯತ್ತ ಜಾರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಕೊನೆಗೆ ಕಂಪ್ಯೂಟರಿನಲ್ಲಿ ಅನಿಲ ಬದಲಿಸಿ. ಅದಾದ ಮೇಲೆ ಜೊತೆಗಾರನ ಸರದಿ. ಇಬ್ಬರೂ ಒಟ್ಟಿಗೆ ಬದಲಿಸಿದರೆ ಯಾರನ್ನು ಯಾರು ನೋಡಿದಂತಾಯಿತು? ಒಳ್ಳೆಯ ಇನ್‌ಸ್ಟ್ರಕ್ಟರ್ ಇದನ್ನು ಐದಾರು ಮೀಟರ್ ನೀರಿನಲ್ಲಿ ನಿಮಗೆ ಬೇಸರ ಬರುವಷ್ಟು ಮಾಡಿಸುತ್ತಾನೆ, ಅದೂ ಸಾಮಾನ್ಯ ಗಾಳಿ ತುಂಬಿದ ಸಿಲಿಂಡರಿನಲ್ಲಿ. ಮೊದಲ ದಿನವೇ 40ಕ್ಕೆ ಇಳಿಸುವವನ ಜೊತೆ ಹೋಗಬೇಡಿ.

ವಿಮೆ ಮಾಡಿಸಿ, ಡೆಕೊ ತಪ್ಪಿ ಕಾಯಿಲೆಯಾದರೆ ಚಿಕಿತ್ಸೆ ಕೊಡುವ ಹತ್ತಿರದ ರೀಕಂಪ್ರೆಷನ್ ಚೇಂಬರ್ ಎಷ್ಟು ಗಂಟೆ ದೂರ ಎಂದು ಕೇಳಿಡಿ. ಡೈವ್ ಮುಗಿದ ಮೇಲೆ, ಸಿಲಿಂಡರನ್ನು ತುಂಬಿಸಲು ಕೊಡುವ ಮುನ್ನ, ಟೇಪ್ ಪೂರ್ತಿ ಕಿತ್ತುಹಾಕಿ. ಹಳೆಯ ‘21’ ಅಂಟಿಕೊಂಡೇ ಇದ್ದರೆ ನಾಳೆ ಅದರೊಳಗೆ ಶುದ್ಧ ಆಮ್ಲಜನಕ ಇದ್ದರೂ ಓದುವವರು ಓದುವುದು 21 ಎಂದೇ.