ಅವ್ವನ ಮನೆಯ ಲೈನಿನಲ್ಲಿ ಅಕ್ಕನ ಸೀರಿಯಲ್

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಸಿಸಿಟಿವಿ ಕ್ಯಾಮೆರಾ ಹಾಕುವುದು, ಆಫೀಸುಗಳಿಗೆ ವೈಫೈ ಹಾಕಿಕೊಡುವುದು, ಕೆಟ್ಟ ರೂಟರ್ ಸರಿ ಮಾಡುವುದು ನನ್ನ ಕೆಲಸ. ಹಾಗಾಗಿ ನಮ್ಮ ಮನೆತನದಲ್ಲಿ ಯಾರ ಇಂಟರ್ನೆಟ್ ಕೆಟ್ಟರೂ ಬೈಗುಳ ನನಗೇ.

2024ರ ದೀಪಾವಳಿ ಮುಗಿಸಿಕೊಂಡು ಅಕ್ಕ ಮ್ಯೂನಿಕ್‌ಗೆ ಹೋದಳು. ಹದಿನೈದು ದಿನಕ್ಕೆ ಫೋನ್ ಬಂತು. ಧಾರವಾಡದ ಮಾಳಮಡ್ಡಿಯಲ್ಲಿ ಅವ್ವ ರಾತ್ರಿ ನೋಡುವ ಸೀರಿಯಲ್ ತನಗೂ ನೋಡಲು ಬೇಕಂತೆ. ಸೀರಿಯಲ್ಲಿನ ಮೇಲೆ ಅವಳಿಗೆ ಅಂಥಾ ಪ್ರೀತಿ ಏನಿಲ್ಲ. ಮರುದಿನ ಅವ್ವನ ಜೊತೆ ಮಾತಾಡಲು ಒಂದು ವಿಷಯ ಬೇಕಿತ್ತು, ಅಷ್ಟೆ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಅವ್ವನ ಹೆಸರಿನಲ್ಲಿ ದುಡ್ಡು ಕಟ್ಟಿದ ಖಾತೆ ಇದೆ, ಅದನ್ನೇ ಅಲ್ಲಿ ತೆರೆದಿದ್ದಾಳೆ.

"ತಮ್ಮಾ, ನಿಮ್ಮ ದೇಶದಾಗ ಇದು ಸಿಗೂದಿಲ್ಲ ಅಂತ ಬರಾಕತ್ತೇತಿ ನೋಡೋ."

"ವಿಪಿಎನ್ ಹಾಕ್ಕೋ ಯಕ್ಕಾ, ಐದು ನಿಮಿಷದ ಕೆಲಸ" ಅಂದೆ. ವಿಪಿಎನ್ ಅಂದರೆ ನಮ್ಮ ಇಂಟರ್ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಸುತ್ತಿಸಿ, ಅಲ್ಲಿಂದಲೇ ಬಂದಂತೆ ತೋರಿಸುವ ವ್ಯವಸ್ಥೆ. ಆ ಐದು ನಿಮಿಷ ಮುಗಿಯಲು ಸುಮಾರು ನಾಲ್ಕು ತಿಂಗಳು ಬೇಕಾಯಿತು.

ಮೊದಲು ಅವಳು ತಾನೇ ಒಂದು ಪುಕ್ಕಟೆ ವಿಪಿಎನ್ ಹಾಕಿಕೊಂಡಿದ್ದಳು. ಅದನ್ನು ಅವತ್ತೇ ತೆಗೆಸಿದೆ. ಪುಕ್ಕಟೆ ಕೊಡುವವನು ಬೇರೆಲ್ಲೋ ವಸೂಲಿ ಮಾಡುತ್ತಾನೆ. 2015ರಲ್ಲೇ ಹೋಲಾ ಎಂಬ ಪುಕ್ಕಟೆ ವಿಪಿಎನ್ ತನ್ನ ಬಳಕೆದಾರರ ಮನೆ ಲೈನುಗಳನ್ನೇ ಬೇರೆಯವರಿಗೆ ಮಾರುತ್ತಿದ್ದದ್ದು ಬಯಲಾಗಿತ್ತು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ 911 ಎಸ್5 ಎಂಬ ಜಾಲವನ್ನು ಮುಚ್ಚಿಸಿತು. ಅದರ ಕಳ್ಳ ಸಾಫ್ಟ್‌ವೇರ್ ಜನರ ಕಂಪ್ಯೂಟರಿಗೆ ಹೊಕ್ಕಿದ್ದು ಇಂಥದ್ದೇ ಪುಕ್ಕಟೆ ವಿಪಿಎನ್‌ಗಳ ಮೂಲಕ. ನಿಮ್ಮ ಲೈನಿನಲ್ಲಿ ಯಾರೋ ಏನೋ ಮಾಡುತ್ತಾರೆ, ಪೊಲೀಸರು ನಿಮ್ಮ ಬಾಗಿಲಿಗೆ ಬರುತ್ತಾರೆ.

ಆಮೇಲೆ ದುಡ್ಡು ಕೊಟ್ಟು ಹೆಸರಾದ ಒಂದು ವಿಪಿಎನ್ ತೆಗೆದುಕೊಂಡೆವು. ಮೊದಲ ಮೂರು ದಿನ ಸೀರಿಯಲ್ ಚಲೋ ಓಡಿತು. ನಾಲ್ಕನೇ ದಿನ ಬಂದ್. ಸರ್ವರ್ ಬದಲಿಸಿದರೆ ಎರಡು ದಿನ ಬಂತು, ಮತ್ತೆ ಹೋಯಿತು. ಕಂಪನಿಯ ಚಾಟ್‌ನಲ್ಲಿ ಕೇಳಿದರೆ "ಇನ್ನೊಂದು ಸರ್ವರ್ ಟ್ರೈ ಮಾಡಿ" ಎಂಬ ಒಂದೇ ಮಂತ್ರ. ಬೇಜಾರಾಗಿ ಎರಡನೇ ಕಂಪನಿಯದ್ದು ತೆಗೆದುಕೊಂಡೆ. ಅಲ್ಲೂ ಅದೇ ಕಥೆ.

ಯಾಕೆ ಹೀಗೆ ಅಂತ ಕೂತು ನೋಡಿದಾಗಲೇ ನನಗೂ ಸರಿಯಾಗಿ ತಿಳಿದದ್ದು. ವಿಪಿಎನ್ ಹಾಕಿದರೆ ಸ್ಟ್ರೀಮಿಂಗ್ ಕಂಪನಿಗೆ ನಿಮ್ಮ ಐಪಿ ಅಡ್ರೆಸ್ (ಇಂಟರ್ನೆಟ್ಟಿನಲ್ಲಿ ನಿಮ್ಮ ಲೈನಿನ ವಿಳಾಸ) ಕಾಣುವುದಿಲ್ಲ, ವಿಪಿಎನ್ ಸರ್ವರಿನದು ಕಾಣುತ್ತದೆ. ಆದರೆ ಪ್ರತಿ ಐಪಿಗೂ ಒಂದು ಜಾತಕ ಇದೆ. ಯಾವ ದೇಶದ್ದು, ಯಾರ ಹೆಸರಿನಲ್ಲಿದೆ, ಮನೆಗೆ ಲೈನ್ ಕೊಡುವ ಕಂಪನಿಯದೋ ಸಾಲುಸಾಲು ಸರ್ವರ್ ಇಡುವ ಡೇಟಾ ಸೆಂಟರಿನದೋ, ಎಲ್ಲ ಪಟ್ಟಿಯಲ್ಲಿರುತ್ತದೆ. ಸೀರಿಯಲ್ ನೋಡುವವರು ಯಾರಾದರೂ ಡೇಟಾ ಸೆಂಟರಿನಲ್ಲಿ ಮನೆ ಮಾಡಿಕೊಂಡಿರುತ್ತಾರಾ? ಅದರ ಮೇಲೆ ಒಂದೇ ಐಪಿಯಿಂದ ನೂರಾರು ಖಾತೆಗಳು ಒಳಗೆ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಆ ಐಪಿ ಬಂದ್ ಆಗುತ್ತದೆ. ವಿಪಿಎನ್ ಕಂಪನಿ ಹೊಸ ಐಪಿ ತರುತ್ತದೆ, ಅದೂ ಸಿಕ್ಕಿಬೀಳುತ್ತದೆ. ನೆಟ್‌ಫ್ಲಿಕ್ಸ್ ಈ ಬೇಟೆ ಶುರು ಮಾಡುತ್ತೇವೆ ಅಂತ ಹೇಳಿದ್ದು 2016ರ ಜನವರಿಯಲ್ಲಿ, ಭಾರತಕ್ಕೆ ಕಾಲಿಟ್ಟ ತಿಂಗಳಲ್ಲೇ. ಈಗ ಅವರಲ್ಲಿ ವಿಪಿಎನ್ ಅಂತ ಗೊತ್ತಾದರೆ, ಜಗತ್ತಿನ ಎಲ್ಲಾ ಕಡೆ ಹಕ್ಕಿರುವ ಕಾರ್ಯಕ್ರಮಗಳನ್ನಷ್ಟೇ ತೋರಿಸುತ್ತಾರೆ. ಜನ ಅದನ್ನೇ ನೋಡಿ "ನಡೆಯಿತು" ಅಂದುಕೊಳ್ಳುತ್ತಾರೆ. ನಿಜವಾಗಿ ಏನೂ ತೆರೆದಿರುವುದಿಲ್ಲ.

ಭಾರತದ ಕಾರ್ಯಕ್ರಮ ಹೊರಗಿನಿಂದ ನೋಡುವವರಿಗೆ ಇನ್ನೊಂದು ತೊಡಕಿದೆ. ಎರಡನೇ ವಿಪಿಎನ್‌ನ "ಇಂಡಿಯಾ" ಸರ್ವರಿಗೆ ಒಂದು ಮಧ್ಯಾಹ್ನ ಅಂಗಡಿಯಿಂದಲೇ ಪಿಂಗ್ ಹೊಡೆದೆ, ಅಂದರೆ ಡೇಟಾ ಅಲ್ಲಿಗೆ ಹೋಗಿಬರಲು ಎಷ್ಟು ಹೊತ್ತು ಬೇಕು ಅಂತ ಅಳೆದೆ. ನನ್ನ ಲೈನಿನಿಂದ ಮುಂಬೈಗೆ ಹೋಗಿಬರಲು 20-25 ಮಿಲಿಸೆಕೆಂಡ್ ಸಾಕು. ಇದು 70ರ ಮೇಲೆಯೇ ಕೂತಿತ್ತು. ಹತ್ತು ಸಲ ಹೊಡೆದರೂ ಅಷ್ಟೇ. ಡೇಟಾ ಹೋಗುವ ದಾರಿ ತೆಗೆದು ನೋಡಿದರೆ ಅದು ಸಿಂಗಾಪುರಕ್ಕೆ ಹೋಗಿ ನಿಲ್ಲುತ್ತಿತ್ತು. ಬೋರ್ಡಿನ ಮೇಲೆ ಇಂಡಿಯಾ, ಒಳಗೆ ಸಿಂಗಾಪುರ.

ಇದರಲ್ಲಿ ಮೋಸ ಏನಿಲ್ಲ, ಅವರು ಹೇಳಿಯೇ ಮಾಡುತ್ತಾರೆ. 2022ರ ಏಪ್ರಿಲ್ 28ರಂದು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗಿರಾಕಿಯ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲ ಐದು ವರ್ಷ ಇಟ್ಟುಕೊಳ್ಳಬೇಕು ಅಂತ. ಲೆಕ್ಕ ಇಡುವುದಿಲ್ಲ ಎನ್ನುವುದೇ ಅವರ ವ್ಯಾಪಾರ. ಹಾಗಾಗಿ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಎಲ್ಲ ಒಂದೊಂದಾಗಿ ಭಾರತದಿಂದ ಸರ್ವರ್ ಎತ್ತಿದವು. ಭಾರತದ ಐಪಿ ಬೇಕು ಅಂದವರಿಗೆ ಹೊರದೇಶದ ಮಷಿನ್ನಿಗೆ ಭಾರತದ ಹೆಸರಿನ ಐಪಿ ಕಟ್ಟಿ ಕೊಡುವ ಪದ್ಧತಿ ಬಂತು. ಅಂದರೆ ಅಕ್ಕ ಧಾರವಾಡದ ಸೀರಿಯಲ್ ನೋಡಬೇಕಾದರೆ ಮ್ಯೂನಿಕ್‌ನಿಂದ ಸಿಂಗಾಪುರ, ಅಲ್ಲಿಂದ ಭಾರತ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಚಿತ್ರ ನಿಂತು ನಿಂತು ಬಂದರೆ ಆಶ್ಚರ್ಯ ಏನು?

ಐಪಿ ಒಂದು ಸರಿ ಇದ್ದರೂ ಸಾಲದು. ಅಕ್ಕನ ಮನೆ ಲೈನಿನಲ್ಲಿ ಹಳೆಯ ಮಾದರಿಯ ಐಪಿ ಅಡ್ರೆಸ್ ಐಪಿವಿ4 ಜೊತೆ ಹೊಸ ಮಾದರಿಯ ಐಪಿವಿ6 ಕೂಡ ಇತ್ತು. ನಮ್ಮ ಮೊದಲ ವಿಪಿಎನ್ ಹಳೆಯದನ್ನಷ್ಟೇ ಮುಚ್ಚುತ್ತಿತ್ತು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಇತ್ತು. ಲ್ಯಾಪ್‌ಟಾಪಿನಲ್ಲಿ ಐಪಿವಿ6 ಬಂದ್ ಮಾಡಿಸಿದ ಮೇಲೆ ಒಂದಿಷ್ಟು ದಿನ ನಡೆಯಿತು. ಫೋನಿನ ಆ್ಯಪ್ ಅಂತೂ ಕೊನೆಗೂ ಬಗ್ಗಲಿಲ್ಲ. ಲೊಕೇಶನ್ ಅನುಮತಿ ಕೊಟ್ಟಿದ್ದರೆ ಜಿಪಿಎಸ್ ನೋಡಿದರೆ ಸಾಕಲ್ಲ, ಐಪಿ ಏನಾದರೂ ಇರಲಿ. ಲ್ಯಾಪ್‌ಟಾಪ್ ಬ್ರೌಸರಿನಲ್ಲಿ ನೋಡು, ಎಚ್‌ಡಿಎಂಐ ವಯರ್ ಹಾಕಿ ಟಿವಿಗೆ ಕೊಡು ಅಂದೆ. ಅವಳ ಟಿವಿಯಲ್ಲಿ ವಿಪಿಎನ್ ಹಾಕಲು ಬರುತ್ತಲೂ ಇರಲಿಲ್ಲ.

ಇನ್ನು ಒಟಿಪಿ. ಪ್ರತಿ ಸಲ ಲಾಗಿನ್ ಹೋದಾಗ ಅವ್ವನ ನಂಬರಿಗೆ ಒಟಿಪಿ. ಅಕ್ಕ ಒಂದು ಫೋನಿನಲ್ಲಿ, ನಾನು ಚಿಗರಿ ಬಸ್ಸಿನಲ್ಲಿ ನವನಗರದ ಹತ್ತಿರ ನಿಂತುಕೊಂಡು, ಮೂರನೆಯದಾಗಿ ಅವ್ವ.

"ತಡಿಯಪಾ, ಚಷ್ಮಾ ಎಲ್ಲಿಟ್ಟೆ... ಹಾಂ, ನಾಕು... ಏಳು... ಇದು ಸೊನ್ನೆನೋ ಎಂಟೋ?"

ಅಷ್ಟರಲ್ಲಿ ಒಟಿಪಿ ಸತ್ತಿರುತ್ತಿತ್ತು. ಮತ್ತೆ ಮೊದಲಿನಿಂದ.

2025ರ ಮಾರ್ಚ್ ಬಂತು, ಐಪಿಎಲ್ ಶುರುವಾಗುವುದರಲ್ಲಿತ್ತು. ಭಾವನೂ ಫೋನ್ ಮಾಡತೊಡಗಿದರು. ಆಗ ತಲೆಗೆ ಹೊಳೆದದ್ದು ಇಷ್ಟೇ. ನಮಗೆ ಬೇಕಾಗಿರುವುದು ಭಾರತದ ಒಂದು ಮನೆಯ ಐಪಿ. ಅವ್ವನ ಮನೆಯಲ್ಲಿ ಅದು ಇದ್ದೇ ಇದೆಯಲ್ಲ! ಇಡೀ ದಿನ ಜನರಿಗೆ ನೆಟ್‌ವರ್ಕ್ ಹಾಕಿಕೊಡುವ ನನಗೆ ಇದು ಇಷ್ಟು ತಡವಾಗಿ ಹೊಳೆಯಿತು ಅಂತ ಇವತ್ತಿಗೂ ನಾಚಿಕೆ.

ಅಂಗಡಿಯಲ್ಲಿ ಒಂದು ರಾಸ್‌ಬೆರಿ ಪೈ 4 ಬಿದ್ದಿತ್ತು, ಕೈಯಗಲದ ಸಣ್ಣ ಕಂಪ್ಯೂಟರ್. ಅದನ್ನು ಅವ್ವನ ಮನೆಯ ಫೈಬರ್ ರೂಟರಿಗೆ ಕಟ್ಟಿ ವೈರ್‌ಗಾರ್ಡ್ ಹಾಕಿದೆ, ನಮ್ಮದೇ ವಿಪಿಎನ್ ಕಟ್ಟಿಕೊಳ್ಳುವ ಸಾಫ್ಟ್‌ವೇರ್. ಅಕ್ಕನ ಕಡೆಯಿಂದ ಸಂಪರ್ಕ ಸಿಗಲೇ ಇಲ್ಲ. ರೂಟರ್ ಒಳಗೆ ನೋಡಿದರೆ ಹೊರಗಿನ ಐಪಿ 100.ರಿಂದ ಶುರುವಾಗುತ್ತಿತ್ತು. ಜಗತ್ತಿಗೆ ಕಾಣುವ ಐಪಿ ಬೇರೆಯೇ ಇತ್ತು. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಐಪಿವಿ4 ಅಡ್ರೆಸ್‌ಗಳು ಸಾಲದ್ದಕ್ಕೆ ಕಂಪನಿ ಹತ್ತಾರು ಮನೆಗಳನ್ನು ಒಂದೇ ಐಪಿಯ ಹಿಂದೆ ಕೂರಿಸಿರುತ್ತದೆ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ಬಾಗಿಲು ಬಡಿದರೆ ಯಾವ ಮನೆಯವರು ತೆಗೆಯಬೇಕು ಅಂತ ಗೊತ್ತಾಗುವುದಿಲ್ಲ. ನಮಗೇ ಅಂತ ಒಂದು ಬದಲಾಗದ ಐಪಿ (ಸ್ಟ್ಯಾಟಿಕ್ ಐಪಿ) ಬೇಕಾದರೆ ಬೇರೆ ದುಡ್ಡು.

ಅದಕ್ಕೆ ಟೇಲ್‌ಸ್ಕೇಲ್ ಹಾಕಿದೆ. ಅದರೊಳಗೂ ವೈರ್‌ಗಾರ್ಡೇ ಇರುವುದು, ಆದರೆ ಎರಡೂ ಕಡೆಯವರು ಹೊರಗೆ ಬಂದು ನಡುದಾರಿಯಲ್ಲಿ ಕೈಕುಲುಕುವ ವ್ಯವಸ್ಥೆ ಮಾಡುತ್ತದೆ. ಮನೆ ಬಳಕೆಗೆ ಪುಕ್ಕಟೆ ಪ್ಲಾನ್ ಸಾಕು. ಪುಕ್ಕಟೆ ಅಂದರೆ ಹುಷಾರು ಅಂತ ಈಗಷ್ಟೇ ಹೇಳಿದೆ, ನಿಜ. ಆದರೆ ಇಲ್ಲಿ ಹೊರಬಾಗಿಲು ನಮ್ಮದೇ ಮನೆಯದು. ಪೈಯನ್ನು "ಎಕ್ಸಿಟ್ ನೋಡ್" (ಅಕ್ಕನ ಇಂಟರ್ನೆಟ್ ಹೊರಗೆ ಹೋಗುವ ಬಾಗಿಲು) ಅಂತ ಸಾರಿ, ಟೇಲ್‌ಸ್ಕೇಲ್‌ನವರ ಪುಟಕ್ಕೆ ಹೋಗಿ ಅದಕ್ಕೆ ಒಪ್ಪಿಗೆ ಕೊಡಬೇಕು. ಈ ಒಪ್ಪಿಗೆ ಕೊಡುವುದನ್ನು ಮರೆತು ಒಂದು ಸಂಜೆ ಸುಮ್ನೆ ಹಾಳು ಮಾಡಿಕೊಂಡೆ. ಸ್ಥಿತಿ ನೋಡಿದಾಗ "ಡೈರೆಕ್ಟ್" ಅಂತ ತೋರಿಸಬೇಕು. "ರಿಲೇ" ಅಂತ ಬಂದರೆ ನಡುವಿನ ಸರ್ವರ್ ಮೂಲಕ ಸುತ್ತು ಹಾಕಿ ಬರುತ್ತಿದೆ ಅಂತ ಅರ್ಥ, ವಿಡಿಯೋ ಎಳೆಯುವುದಿಲ್ಲ. ನಮಗೆ ಮೊದಲ ದಿನ ರಿಲೇ, ಅಕ್ಕನ ರೂಟರ್ ಒಮ್ಮೆ ಆರಿಸಿ ಹಚ್ಚಿದ ಮೇಲೆ ಡೈರೆಕ್ಟ್.

ಒಂದು ಮಾತು ನೆನಪಿಡಿ. ಇಲ್ಲಿ ಮುಖ್ಯ ಅವ್ವನ ಮನೆಯ ಅಪ್‌ಲೋಡ್. ಅದೇ ಅಕ್ಕನ ಡೌನ್‌ಲೋಡ್ ಆಗುತ್ತದೆ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಇದ್ದರೆ ನಡೆಯುತ್ತದೆ. ನಮ್ಮ ಫೈಬರಿನಲ್ಲಿ ಅಪ್‌ಲೋಡ್ ಧಾರಾಳ ಇತ್ತು. ಅಪ್‌ಲೋಡ್ ಬಿಗಿಯಾಗಿರುವ ಹಳೆಯ ಕೇಬಲ್ ಲೈನುಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಅವತ್ತಿನಿಂದ "ನಿಮ್ಮ ದೇಶದಾಗ ಸಿಗೂದಿಲ್ಲ" ಅಂತ ಲ್ಯಾಪ್‌ಟಾಪಿನಲ್ಲಿ ಒಮ್ಮೆಯೂ ಬಂದಿಲ್ಲ. ತೊಂದರೆಗಳೇನೋ ಬಂದವು, ಎಲ್ಲಾ ಅಡುಗೆಮನೆ ಮಟ್ಟದವು. ಮೊದಲ ವಾರ ರಾತ್ರಿ ಎಂಟಕ್ಕೆ ಸರಿಯಾಗಿ ಸಂಪರ್ಕ ಹೋಗುತ್ತಿತ್ತು. ನಾನು ಲಾಗ್ ತೆಗೆದು ತಲೆ ಕೆಡಿಸಿಕೊಂಡೆ. ಅವ್ವ ಚಟ್ನಿಗೆ ಮಿಕ್ಸಿ ಹಚ್ಚಲು ಪೈಯ ಪ್ಲಗ್ ಕೀಳುತ್ತಿದ್ದಳು! "ಆ ಡಬ್ಬಿ ಸುಮ್ನ ಬಿಸಿ ಆಗಾಕತ್ತಿತ್ತಪಾ, ಅದಕ್ಕ ತಗದೆ" ಅಂದಳು. ಈಗ ಪ್ಲಗ್ಗಿನ ಮೇಲೆ ಟೇಪ್ ಹಚ್ಚಿ "ತೆಗೀಬ್ಯಾಡ" ಅಂತ ಬರೆದಿದ್ದೇನೆ.

ಜೂನ್ 3ರ ಐಪಿಎಲ್ ಫೈನಲ್. ಇಲ್ಲಿ ಸಂಜೆ 7.30, ಅಲ್ಲಿ ಮಧ್ಯಾಹ್ನ 4. ಭಾವ ರಜೆ ಹಾಕಿ ಕೂತಿದ್ದರು. ಎರಡನೇ ಇನ್ನಿಂಗ್ಸ್ ನಡುವೆ ಮಾಳಮಡ್ಡಿಯಲ್ಲಿ ಕರೆಂಟ್ ಹೋಯಿತು. ಅವ್ವನ ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದಕ್ಕೆ ಲೈಟು, ಫ್ಯಾನು ಮಾತ್ರ ಕೊಟ್ಟಿದ್ದು. ಮ್ಯೂನಿಕ್‌ನಲ್ಲಿ ಟಿವಿ ನಿಂತಿತು. ಇಪ್ಪತ್ತು ನಿಮಿಷ ನಾನು ಹುಬ್ಬಳ್ಳಿಯ ಅಂಗಡಿಯಿಂದ ಫೋನಿನಲ್ಲಿ ಒಂದೊಂದು ಬಾಲ್ ಹೇಳಿದೆ, ಹಿಂದೆ ರಸ್ತೆಯಲ್ಲಿ ಪಟಾಕಿ. ಕರೆಂಟ್ ಬಂತು, ಕೊನೆಯ ಓವರ್ ಅವರೇ ನೋಡಿದರು. ನಮ್ಮ ಆರ್‌ಸಿಬಿ 6 ರನ್ನಿನಿಂದ ಗೆದ್ದಿತು, 18 ವರ್ಷ ಕಾದ ಮೇಲೆ. ಮರುವಾರ ಎಲೆಕ್ಟ್ರಿಷಿಯನ್ ಕರೆಸಿ ರೂಟರ್ ಮತ್ತು ಪೈ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆ.

ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ನಿಂತಿತು. ಕರೆಂಟ್ ಇದೆ, ಪ್ಲಗ್ ಇದೆ, ಲೈನ್ ಇದೆ. ಟೇಲ್‌ಸ್ಕೇಲ್‌ನಲ್ಲಿ ಪ್ರತಿ ಸಾಧನದ ಕೀಲಿಗೆ 180 ದಿನದ ಅವಧಿ ಇರುತ್ತದೆ, ನಾವೇ ಬೇಡ ಅಂತ ಹೇಳದಿದ್ದರೆ ಮುಗಿದೇ ಹೋಗುತ್ತದೆ. ಮಾರ್ಚಿನಲ್ಲಿ ಹಾಕಿದ್ದು, ಲೆಕ್ಕ ಸರಿಯಾಗಿತ್ತು. ತಪ್ಪು ನಂದೇ. ಪೈ ಇಟ್ಟ ದಿನವೇ ಆ ಅವಧಿಯನ್ನು ತೆಗೆದುಬಿಡಿ.

ಇದೆಲ್ಲ ಸರಿಯಾ ಅಂತ ಕೇಳುವವರಿಗೆ. ಭಾರತದಲ್ಲಿ ವಿಪಿಎನ್ ಬಳಸುವುದೇ ಅಪರಾಧ ಅಂತ ಕಾನೂನಿಲ್ಲ. ಆದರೆ ದೇಶದ ಬೇಲಿ ದಾಟಿ ನೋಡುವುದು ಸ್ಟ್ರೀಮಿಂಗ್ ಕಂಪನಿಗಳ ಷರತ್ತಿಗೆ ವಿರುದ್ಧ, ಖಾತೆ ಮುಚ್ಚಿದರೆ ಜಗಳ ಮಾಡಲು ಬರುವುದಿಲ್ಲ. ದುಡ್ಡು ಕಟ್ಟಿದ ಖಾತೆ, ನಮ್ಮದೇ ಮನೆಯ ಲೈನು ಅಂತ ನಾನು ನನ್ನ ಮನಸ್ಸಿಗೆ ಹೇಳಿಕೊಂಡಿದ್ದೇನೆ. ಅದು ಅವರ ಷರತ್ತಿಗೆ ಉತ್ತರ ಅಲ್ಲ, ಗೊತ್ತು.

ಅಕ್ಕನ ಗೆಳತಿಯೊಬ್ಬರು ತಮಗೂ ಆ ಲೈನ್ ಕೊಡಿ ಅಂದರು, ಗದಗಿನ ಕಡೆಯವರು. ಆಗುವುದಿಲ್ಲ ಅಂದೆ. ಅಲ್ಲಿಂದ ಯಾರು ಏನು ತೆರೆದರೂ ಅವ್ವನ ಹೆಸರಿಗೆ ಬರುತ್ತದೆ. ನಿಮ್ಮ ಗದಗಿನ ಮನೆಯಲ್ಲೇ ಒಂದು ಪೈ ಇಡಿ, ನಾನೇ ಬಂದು ಹಾಕಿಕೊಡುತ್ತೇನೆ ಅಂದೆ. ಮುಂದಿನ ಭಾನುವಾರ ಹೋಗುವುದಿದೆ. ಟೇಪ್ ಜೊತೆಗೇ ಒಯ್ಯುತ್ತೇನೆ.