ಪೆಸಿಫಿಕ್ ಯುದ್ಧದ ಆಟದಲ್ಲಿ ವಿಮಾನವಾಹಕಗಳ ಮೇಲೆ ದಾಳಿ: ನಾನು ಅನುಸರಿಸುವ ಕ್ರಮ

'ವಾರ್ ಇನ್ ದ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್' ಎಂಬ, ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟದಲ್ಲಿ ದಾಳಿ ಶುರುವಾದ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆಜ್ಞೆ ಕೊಟ್ಟು ಗುಂಡಿ ಒತ್ತಿದರೆ ಇಡೀ ದಿನವನ್ನು ಆಟವೇ ನಡೆಸುತ್ತದೆ. ಹಾಗಾಗಿ ಶತ್ರುವಿನ ವಿಮಾನವಾಹಕ ಮುಳುಗುವುದೂ ಉಳಿಯುವುದೂ ಮೊದಲೇ ಮಾಡಿಟ್ಟ ಸೆಟ್ಟಿಂಗ್‌ಗಳ ಮೇಲೆ ನಿಂತಿದೆ.

ನಾನು ಮೊದಲು ಎಣಿಸುವುದು ಒಟ್ಟಿಗೆ ಸಾಗುವ ಹಡಗುಗಳ ಗುಂಪಾದ ಒಂದೊಂದು ಟಾಸ್ಕ್ ಫೋರ್ಸ್‌ನಲ್ಲಿರುವ ವಿಮಾನಗಳನ್ನು. 1942ರಲ್ಲಿ ಮಿತ್ರಪಕ್ಷದ ಆಟಗಾರನಿಗೆ ಮಿತಿ 100, ಅದಕ್ಕೆ ಪಗಡೆ ಎಸೆದಂತೆ ಬರುವ 100ರೊಳಗಿನ ಇನ್ನೊಂದು ಸಂಖ್ಯೆ ಸೇರುತ್ತದೆ. ವಿಮಾನಗಳು ಈ ಮೊತ್ತವನ್ನು ಮೀರಿದರೆ ದಾಳಿ ಚದುರುವ, ಅಂದರೆ ವಿಮಾನಗಳು ಒಟ್ಟಾಗಿ ಹೋಗದೆ ಬಿಡಿಬಿಡಿಯಾಗಿ ಎರಗುವ ಸಂಭವ ದುಪ್ಪಟ್ಟು. ಎರಡು ವಿಮಾನವಾಹಕಗಳನ್ನು ಒಟ್ಟಿಗೆ ಇಟ್ಟು 160 ವಿಮಾನವಾದರೆ, ಹತ್ತರಲ್ಲಿ ಆರು ಸಲ ಈ ದಂಡ ಬೀಳುತ್ತದೆ. 80 ವಿಮಾನದ ಒಂದೇ ವಿಮಾನವಾಹಕವಿದ್ದರೆ ಬೀಳುವುದೇ ಇಲ್ಲ. ಅದಕ್ಕೇ ಆ ವರ್ಷ ಒಂದು ಟಾಸ್ಕ್ ಫೋರ್ಸ್‌ಗೆ ಒಂದೇ ವಿಮಾನವಾಹಕ ಇಟ್ಟು, ಎಲ್ಲವನ್ನೂ ನಕಾಶೆಯ ಒಂದೇ ಷಟ್ಕೋನ ಮನೆಯಲ್ಲಿ, ಅಂದರೆ ಒಂದೇ ಹೆಕ್ಸ್‌ನಲ್ಲಿ ನಡೆಸುತ್ತೇನೆ. ಮಿತಿ 1943ರಲ್ಲಿ 150+150, 1944ರಿಂದ 200+200. ಜಪಾನಿಗೆ ಮೊದಲ ದಿನದಿಂದಲೇ 200+200. ಆದರೂ ಆರು ವಿಮಾನವಾಹಕಗಳ ಕಿಡೋ ಬುಟಾಯ್ (ಜಪಾನಿನ ಮುಖ್ಯ ವಿಮಾನವಾಹಕ ಪಡೆ) ಒಂದೇ ಗುಂಪಿನಲ್ಲಿದ್ದರೆ ವಿಮಾನಗಳು 400ರ ಆಸುಪಾಸು ಬರುತ್ತವೆ, ಅದನ್ನೂ ಒಡೆಯಲೇಬೇಕು.

ಈ ನಿಯಮ ಸುಮ್ಮನೆ ಇಟ್ಟದ್ದಲ್ಲ. 1942ರ ಜೂನ್ 4ರಂದು ಮಿಡ್‌ವೇಯಲ್ಲಿ ಅಮೆರಿಕದ ಪ್ರತಿ ವಿಮಾನವಾಹಕದ ದಂಡೂ ತನ್ನ ಪಾಡಿಗೆ ತಾನು ಹೊರಟಿತ್ತು. ಬೆಂಗಾವಲಿಲ್ಲದೆ ಹೋದ ಹಾರ್ನೆಟ್‌ನ 15 ಡಿವಾಸ್ಟೇಟರ್ ಟಾರ್ಪೆಡೊ ವಿಮಾನಗಳಲ್ಲಿ ಒಂದೂ ಮರಳಲಿಲ್ಲ. ಆಟದಲ್ಲಿ ದಾಳಿ ಚದುರಿದಾಗ ಕಾಣುವುದೂ ಅದೇ.

ಗುಂಪು ಒಡೆದರೆ ಬೇರೊಂದು ತಾಪತ್ರಯ. ಶತ್ರು ಕಂಡೊಡನೆ ಒಂದು ಟಾಸ್ಕ್ ಫೋರ್ಸ್ ತಾನಾಗಿ ಮುನ್ನುಗ್ಗಿ, ಉಳಿದವು ಹಿಂದೆ ನಿಂತುಬಿಡಬಹುದು. ಒಂಟಿಯಾದದ್ದರ ಕಥೆ ಅಲ್ಲಿಗೆ ಮುಗಿಯಿತು. ಹೀಗೆ ತಾನಾಗಿ ಮುನ್ನುಗ್ಗುವುದರ ಮಿತಿಯಾದ ಪ್ರತಿಕ್ರಿಯೆಯ ದೂರವನ್ನು ಎಲ್ಲಕ್ಕೂ 0 ಮಾಡಿ, ಮುಖ್ಯ ಗುಂಪನ್ನು ಉಳಿದವು ಹಿಂಬಾಲಿಸುವಂತೆ ಇಡುತ್ತೇನೆ. ಆಕ್ರಮಣಶೀಲ ಅಡ್ಮಿರಲ್ ಇದ್ದಲ್ಲಿ ಇದನ್ನು ಎರಡು ಸಲ ನೋಡಿಕೊಳ್ಳಿ.

ಇನ್ನು ದೂರ. ಒಂದು ಹೆಕ್ಸ್ ಎಂದರೆ 40 ನಾಟಿಕಲ್ ಮೈಲಿ. ಟಾರ್ಪೆಡೊ ವಿಮಾನ ಟಾರ್ಪೆಡೊ ಹೊರುವುದು ಸಾಮಾನ್ಯ ವ್ಯಾಪ್ತಿಯೊಳಗೆ ಮಾತ್ರ, ಅದರಾಚೆಗೆ ಬಾಂಬೇ ಗತಿ. ವಿಸ್ತೃತ ವ್ಯಾಪ್ತಿಯಲ್ಲಿ ಮೊದಲ ಏಟು ಕೊಡುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಬಾಂಬಿನಿಂದ ಡೆಕ್ ಕೆಡುತ್ತದೆ, ಹಡಗಿಗೆ ನೀರು ನುಗ್ಗಿಸುವುದು ಟಾರ್ಪೆಡೊ. ಆದ್ದರಿಂದ ದಾಳಿಯ ಗರಿಷ್ಠ ದೂರವನ್ನು ಟಾರ್ಪೆಡೊ ವಿಮಾನದ ಸಾಮಾನ್ಯ ವ್ಯಾಪ್ತಿಗೇ ಕಟ್ಟಿಹಾಕುತ್ತೇನೆ. ಮರುದಿನ ಯುದ್ಧವರದಿಯಲ್ಲಿ 200 ಅಡಿ ಎತ್ತರದಿಂದ ಟಾರ್ಪೆಡೊ ಬಿಟ್ಟ ಸಾಲು ಇದೆಯೇ ಎಂದು ಹುಡುಕಿ. ಜಪಾನಿನ ಟಾರ್ಪೆಡೊ ವಿಮಾನವಾದ ಕೇಟ್ ಎದುರು ಬಾಂಬಿನ ಹೆಸರಿದ್ದರೆ ಒಂದೋ ದೂರ ಹೆಚ್ಚಾಗಿದೆ, ಇಲ್ಲವೇ ಹಡಗಿನ ಟಾರ್ಪೆಡೊ ದಾಸ್ತಾನು ಖಾಲಿಯಾಗಿದೆ. ನೆಲದಿಂದ ಹಾರುವ ಜಪಾನಿನ ಬೆಟ್ಟಿ ಬಾಂಬರ್‌ಗಳಿಗೂ ಇದೇ ಪಾಡು: ಟಾರ್ಪೆಡೊ ದಾಸ್ತಾನಿರುವ ವಾಯುಪಡೆಯ ಮುಖ್ಯಕಚೇರಿ ಘಟಕವನ್ನು ಆ ನೆಲೆಯಲ್ಲೇ ಇಟ್ಟರೆ ನಿಶ್ಚಿಂತೆ.

ಎತ್ತರದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಗುರಿಯ ಮೇಲೆ ನೇರ ಕೆಳಗೆರಗಿ ಬಾಂಬ್ ಹಾಕುವ ಡೈವ್ ಬಾಂಬರ್‌ಗಳು 10,000ದಿಂದ 15,000 ಅಡಿಯೊಳಗೆ ಇರಬೇಕು, ಇಲ್ಲದಿದ್ದರೆ ಅವು ಸರಿಯಾಗಿ ಎರಗುವುದಿಲ್ಲ. ಬೆಂಗಾವಲಿನ ಫೈಟರ್‌ಗಳನ್ನೂ ಟಾರ್ಪೆಡೊ ವಿಮಾನಗಳನ್ನೂ ಅದೇ ಎತ್ತರಕ್ಕೆ ತರುತ್ತೇನೆ; ಎರಡನೆಯವು ಕೊನೆಗೆ ತಾವಾಗಿಯೇ ಕೆಳಗಿಳಿಯುತ್ತವೆ. ಫೈಟರ್‌ಗಳು ಬೆಂಗಾವಲು ಕೆಲಸದಲ್ಲಿರಲಿ, ಅದರಲ್ಲೇ 40ರಿಂದ 50 ಶೇಕಡಾ ನಮ್ಮ ಹಡಗುಗಳ ಮೇಲಿನ ಕಾವಲಿಗೆ. ಇದಕ್ಕಿಂತ ಜಿಪುಣತನ ಮಾಡಿದರೆ ಎದುರಾಳಿಯ ಪ್ರತಿದಾಳಿಗೆ ನಾವೇ ಬಾಗಿಲು ತೆರೆದಂತೆ.

ಹುಡುಕಾಟಕ್ಕೆ ಡೈವ್ ಬಾಂಬರ್ ಖರ್ಚು ಮಾಡಬೇಡಿ. ಕ್ರೂಸರ್‌ಗಳ ತೇಲುವಿಮಾನಗಳು ಇರುವುದೇ ಅದಕ್ಕೆ. ಶತ್ರು ಬರಬಹುದಾದ ಕಡೆಗೆ ಶೋಧದ ಕೋನವನ್ನು ಕಿರಿದಾಗಿಸಿ. ಸರಿಯಾಗಿ ಕಾಣದ ಗುರಿಯ ಮೇಲೆ ಇಡೀ ದಂಡು ಏಳುವುದಿಲ್ಲ. ಎದ್ದರೂ ಎಣ್ಣೆ ಸಾಗಿಸುವ ಟ್ಯಾಂಕರ್ ಹಡಗೊಂದರ ಮೇಲೆ ಎಲ್ಲ ಟಾರ್ಪೆಡೊಗಳನ್ನೂ ಸುರಿದು ಬರಬಹುದು.