ಟೋಲ್ ಕಟ್ಟಿದ ಮೇಲೂ ದಂಡವೇ? ಹಣ ವಾಪಸ್ ಪಡೆಯುವುದು ಹೀಗೆ

ಹಾಸನದಿಂದ ಬೆಂಗಳೂರಿಗೆ ಹೊರಟರೆ ಶಾಂತಿಗ್ರಾಮ, ಕಾರಬೈಲು, ದೊಡ್ಡಕರೇನಹಳ್ಳಿ ಟೋಲ್‌ಗಳನ್ನು ದಾಟಬೇಕು. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಬಂದು ಹಾಸನದಲ್ಲಿ ಹೆದ್ದಾರಿ ಹಿಡಿಯುವವರಿಗೂ ಇದೇ ದಾರಿ. ಗೇಟ್ ಬಳಿ ‘ಟ್ಯಾಗ್ ಓದ್ತಿಲ್ಲ ಸಾರ್, ಡಬಲ್ ಕೊಡಿ’ ಅನ್ನುತ್ತಾರೆ. ಹಿಂದೆ ಹಾರ್ನ್ ಶುರುವಾಗಿರುತ್ತದೆ, ದುಡ್ಡು ಕೊಟ್ಟು ಮುಂದೆ ಹೋಗುತ್ತೀರಿ. ಅರ್ಧ ಗಂಟೆ ಬಿಟ್ಟು ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದಾಗ ಫಾಸ್ಟ್ಯಾಗ್‌ನಿಂದಲೂ ಹಣ ಕಡಿತವಾದ ಮೆಸೇಜ್ ಬರುತ್ತದೆ. ಈ ಹಣವನ್ನು ಖಂಡಿತ ವಾಪಸ್ ಕೇಳಬಹುದು. ಅದಕ್ಕೆ ಟೋಲ್‌ನಲ್ಲಿ ಕೊಟ್ಟ ಚೀಟಿಯ ಮೇಲಿನ ಸಮಯ, ಟ್ಯಾಗ್ ಓದಿದ ಸಮಯ, ಇವೆರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬೇಕು.

ಮೊದಲು ನಿಯಮ ತಿಳಿದಿರಲಿ. ಚಾಲ್ತಿಯಲ್ಲಿರುವ ಟ್ಯಾಗ್ ಇಲ್ಲದ ವಾಹನಕ್ಕೆ 2021ರ ಫೆಬ್ರುವರಿಯಿಂದ ನಗದಿನಲ್ಲಿ ಎರಡು ಪಟ್ಟು ಶುಲ್ಕವಿದೆ. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಕಟ್ಟಿದರೆ ಒಂದೂಕಾಲು ಪಟ್ಟು ಸಾಕು. ಅಂದರೆ ನೂರು ರೂಪಾಯಿ ಶುಲ್ಕಕ್ಕೆ ನಗದಾದರೆ 200, ಯುಪಿಐ ಆದರೆ 125. ಆದರೆ ನಿಮ್ಮ ಟ್ಯಾಗ್ ಸರಿಯಿದ್ದು, ಅದರಲ್ಲಿ ಸಾಕಷ್ಟು ಹಣವೂ ಇದ್ದು, ಟೋಲ್‌ನ ಯಂತ್ರವೇ ಕೆಟ್ಟಿದ್ದರೆ ನೀವು ಒಂದು ಪೈಸೆಯನ್ನೂ ಕೊಡಬೇಕಿಲ್ಲ. 2018ರಲ್ಲಿ ಹೆದ್ದಾರಿ ಶುಲ್ಕ ನಿಯಮಕ್ಕೆ ತಂದ ತಿದ್ದುಪಡಿಯ ಪ್ರಕಾರ ಅಂಥ ವಾಹನವನ್ನು ಉಚಿತವಾಗಿ ಬಿಟ್ಟು, ಶೂನ್ಯ ಮೊತ್ತದ ರಸೀದಿಯನ್ನು ಕಡ್ಡಾಯವಾಗಿ ಕೊಡಬೇಕು. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ, ಗೊತ್ತಿಲ್ಲದ್ದರಿಂದಲೇ ದುಡ್ಡು ಹೋಗುತ್ತಿದೆ.

ಗೇಟ್‌ನಲ್ಲೇ ಮಾಡಬೇಕಾದ್ದು

‘ಹ್ಯಾಂಡ್ ರೀಡರ್ ತಂದು ಇನ್ನೊಮ್ಮೆ ಸ್ಕ್ಯಾನ್ ಮಾಡಿ’ ಎಂದು ಕೇಳಿ. ಅವರು ಅದನ್ನು ತರುವಷ್ಟರಲ್ಲಿ ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್ ತೆರೆದು, ಟ್ಯಾಗ್ ಚಾಲ್ತಿಯಲ್ಲಿದೆ ಎಂಬುದೂ ಬ್ಯಾಲೆನ್ಸೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊಬೈಲ್‌ನ ಮೇಲ್ತುದಿಯ ಗಡಿಯಾರವೂ ಅದರಲ್ಲಿ ಬರಬೇಕು. ಮುಂದೆ ‘ಆಗ ನಿಮ್ಮ ಟ್ಯಾಗ್ ಬ್ಲಾಕ್‌ಲಿಸ್ಟ್‌ನಲ್ಲಿತ್ತು’ ಎಂಬ ಉತ್ತರ ಬಂದರೆ ನಿಮ್ಮ ಕೈಯಲ್ಲಿರುವ ದೊಡ್ಡ ದಾಖಲೆ ಇದು.

ಇಷ್ಟಾದರೂ ಬಿಡದಿದ್ದರೆ ಹಣ ಕೊಡಿ, ಚೀಟಿ ಇಲ್ಲದೆ ಮಾತ್ರ ಗಾಡಿ ಕದಲಿಸಬೇಡಿ. ಚೀಟಿ ಕೈಗೆ ಬಂದ ಕೂಡಲೇ ವಾಹನದ ನಂಬರ್ ಓದಿ. ಬೂತ್‌ನಲ್ಲಿ ಕೈಯಾರೆ ಟೈಪ್ ಮಾಡಿರುತ್ತಾರೆ, ಕೆಎ 13 ಇರಬೇಕಾದ ಕಡೆ ಕೆಎ 18 ಆಗುವುದು ಸುಲಭ. ನಂಬರ್ ತಪ್ಪಿದ ಚೀಟಿ ಬೇರೆ ಯಾರದೋ ಗಾಡಿಯದಾಗುತ್ತದೆ, ಅಲ್ಲೇ ಸರಿಮಾಡಿಸಿ. ನಂತರ ದಿನಾಂಕ, ನಿಮಿಷದವರೆಗಿನ ಸಮಯ, ಲೇನ್ ಸಂಖ್ಯೆ, ವಾಹನದ ವರ್ಗ, ಮೊತ್ತ ಇವೆಯೇ ನೋಡಿ. ಇದು ಬಿಸಿಯಿಂದ ಅಕ್ಷರ ಮೂಡಿಸುವ ಕಾಗದ. ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಇಡೀ ಚೀಟಿ ಕಪ್ಪಾಗುತ್ತದೆ, ತಿಂಗಳು ಕಳೆದರೆ ಅಕ್ಷರ ಮಾಸುತ್ತದೆ, ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕಂತೂ ಉಳಿಯುವುದೇ ಇಲ್ಲ. ಮುಂದಿನ ನಿಲುಗಡೆಯಲ್ಲೇ ನಾಲ್ಕೂ ಅಂಚು ಕಾಣುವಂತೆ ಫೋಟೊ ತೆಗೆದುಕೊಳ್ಳಿ. ಯುಪಿಐಯಲ್ಲಿ ಕಟ್ಟಿದ್ದರೆ ಅದರ ವಹಿವಾಟು ಸಂಖ್ಯೆಯೂ ಬೇಕು.

ನಿಜಕ್ಕೂ ಎರಡು ಸಲ ಹೋಗಿದೆಯೇ?

ದೂರಿಗೆ ಮುಂಚೆ ಆ್ಯಪ್‌ನಿಂದ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಮೆಸೇಜ್ ಬಂದ ಸಮಯವನ್ನು ನಂಬಬೇಡಿ. ಕೆಲವೊಮ್ಮೆ ಟೋಲ್‌ನ ಮಾಹಿತಿ ಬ್ಯಾಂಕಿಗೆ ತಡವಾಗಿ ತಲುಪಿ, ಬೆಳಿಗ್ಗೆಯದು ರಾತ್ರಿ ಕಡಿತವಾಗುತ್ತದೆ. ಹೋಗುವಾಗಿನ ಹಣ, ಬರುವಾಗಿನ ಹಣ ಎರಡೂ ಒಟ್ಟಿಗೆ ಕಡಿತವಾಗಿದ್ದನ್ನು ನೋಡಿ ‘ಡಬಲ್ ಹೋಯ್ತು’ ಎಂದು ದೂರು ಕೊಟ್ಟವರ ಅರ್ಜಿ ತಿರಸ್ಕೃತವಾಗುತ್ತದೆ. ನೋಡಬೇಕಾದ್ದು ಟ್ಯಾಗ್ ಓದಿದ ಸಮಯ. ಅದು ಚೀಟಿಯ ಸಮಯಕ್ಕಿಂತ ನಾಲ್ಕೈದು ನಿಮಿಷ ಆಚೀಚೆ ಇದ್ದು, ಟೋಲ್‌ನ ಹೆಸರೂ ಒಂದೇ ಆಗಿದ್ದರೆ ನಿಮ್ಮ ದೂರು ಗಟ್ಟಿ.

ಮೊತ್ತವನ್ನೂ ಗಮನಿಸಿ. 24 ಗಂಟೆಯೊಳಗೆ ಅದೇ ಟೋಲ್‌ನಲ್ಲಿ ವಾಪಸಾದರೆ ಹೋಗಿಬರುವ ಒಟ್ಟು ಶುಲ್ಕ ಒಂದೂವರೆ ಪಟ್ಟು, ಅಂದರೆ ಬರುವಾಗ ಅರ್ಧ ಮಾತ್ರ ಕಡಿತವಾಗಬೇಕು. ಪೂರ್ತಿ ಹೋಗಿದ್ದರೆ ಅದಕ್ಕೂ ದೂರು ಕೊಡಬಹುದು.

ದೂರು ಯಾರಿಗೆ, ಹೇಗೆ?

ಇಲ್ಲೇ ಬಹಳ ಜನ ಎಡವುವುದು. ನಿಮ್ಮ ಉಳಿತಾಯ ಖಾತೆ ಇರುವ ಬ್ಯಾಂಕಿಗಲ್ಲ, ಟ್ಯಾಗ್ ಮೇಲೆ ಯಾವ ಬ್ಯಾಂಕಿನ ಹೆಸರಿದೆಯೋ ಅದಕ್ಕೇ ದೂರು ಕೊಡಬೇಕು. ಆ್ಯಪ್‌ನಲ್ಲಿ ಆ ವಹಿವಾಟನ್ನು ಆಯ್ದು ಅದರ ಮೇಲೇ ತಕರಾರು ದಾಖಲಿಸಿ, ಕಾರಣವನ್ನು ಸರಿಯಾಗಿ ಆರಿಸಿ. ನಗದು ಕೊಟ್ಟ ಮೇಲೂ ಟ್ಯಾಗ್‌ನಿಂದ ಕಡಿತವಾಗಿದ್ದು ಬೇರೆ, ಟ್ಯಾಗ್‌ನಿಂದಲೇ ಎರಡು ಸಲ ಕಡಿತವಾಗಿದ್ದು ಬೇರೆ, ಪಿಕಪ್‌ಗೆ ಲಾರಿಯ ದರ ಹಾಕಿದ್ದು ಬೇರೆ. ಒಂದರ ಬದಲು ಇನ್ನೊಂದನ್ನು ಒತ್ತಿದರೆ ಆ ಕಾರಣಕ್ಕೆ ಸಾಕ್ಷ್ಯವಿಲ್ಲವೆಂದು ದೂರು ಮುಚ್ಚಿಹೋಗುತ್ತದೆ.

ಬರಹ ಚಿಕ್ಕದಿರಲಿ. ‘ಈ ದಿನ ಬೆಳಿಗ್ಗೆ 9.12ಕ್ಕೆ ಈ ಟೋಲ್‌ನ 3ನೇ ಲೇನ್‌ನಲ್ಲಿ ಟ್ಯಾಗ್ ಓದುತ್ತಿಲ್ಲವೆಂದು ನಗದು ಪಡೆದರು, ಚೀಟಿ ಸಂಖ್ಯೆ ಇಷ್ಟು. ಅದೇ ಸಂಚಾರಕ್ಕೆ 9.10ಕ್ಕೆ ಟ್ಯಾಗ್ ಓದಿ ಹಣ ಕಡಿತವಾಗಿದೆ, ವಹಿವಾಟು ಸಂಖ್ಯೆ ಇಷ್ಟು. ಟ್ಯಾಗ್ ಸರಿಯಾಗಿತ್ತು ಎಂಬುದಕ್ಕೆ ಈ ಕಡಿತವೇ ಸಾಕ್ಷಿ. ಹಣ ಮರಳಿಸಿ.’ ಇಷ್ಟು ಸಾಕು. ಚೀಟಿಯ ಫೋಟೊ, ಸ್ಟೇಟ್‌ಮೆಂಟ್ ಪುಟ, ಸ್ಕ್ರೀನ್‌ಶಾಟ್, ಆರ್‌ಸಿ ಲಗತ್ತಿಸಿ. ಬ್ಯಾಂಕ್ ಸಾಮಾನ್ಯವಾಗಿ ನೋಡುವುದು ಟ್ಯಾಗ್‌ನಿಂದ ಹೋದ ಹಣವನ್ನು ಮಾತ್ರ. ನಗದಾಗಿ ಹೆಚ್ಚುವರಿ ಕೊಟ್ಟಿದ್ದಕ್ಕೆ ಹೆದ್ದಾರಿ ಪ್ರಾಧಿಕಾರದ 1033 ಸಹಾಯವಾಣಿಗೆ ಕರೆ ಮಾಡಿ ಬೇರೆಯೇ ದೂರು ಬರೆಸಿ. ಎರಡೂ ಕಡೆಯ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲದ ಟೋಲ್‌ಗೆ 1033 ಅನ್ವಯಿಸುವುದಿಲ್ಲ.

ಗಾಡಿ ಮೂಡಿಗೆರೆಯ ಮನೆ ಮುಂದೆಯೇ ನಿಂತಿದ್ದಾಗ ಎಲ್ಲೋ ಟೋಲ್ ಕಡಿತವಾಗಿದ್ದರೆ, ಆ ವಹಿವಾಟಿನ ವಾಹನದ ಚಿತ್ರ ತೋರಿಸಿ ಎಂದು ಬ್ಯಾಂಕನ್ನು ಕೇಳಿ.

ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಕಾರಣ ಹೇಳದೆ ತಿರಸ್ಕರಿಸಿದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ನಂತರದ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ, ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು.

ಗೆಲ್ಲದ ದೂರುಗಳೂ ಇವೆ. ಹೊಸ ಕಾರಿನ ಟ್ಯಾಗ್ ಇನ್ನೂ ಚಾಸಿ ನಂಬರಿನ ಮೇಲೇ ಇದ್ದರೆ, ಕೆವೈಸಿ ಬಾಕಿಯಿದ್ದರೆ, ಅದೇ ಗಾಡಿಗೆ ಎರಡನೇ ಟ್ಯಾಗ್ ಪಡೆದಿದ್ದರೆ, ವಾಲೆಟ್‌ನಲ್ಲಿ ಹಣವಿದ್ದರೂ ಟ್ಯಾಗ್ ಸ್ಥಗಿತಗೊಂಡಿರಬಹುದು. ಹಾಗೆ ಸ್ಥಗಿತಗೊಂಡಿದ್ದಾಗ ಕೊಟ್ಟ ಎರಡು ಪಟ್ಟು ಹಣ ವಾಪಸ್ ಬಾರದು. ಸಾಲಿನಲ್ಲಿ ನಿಂತು ಮಾಡಿದ ರೀಚಾರ್ಜ್ ಟೋಲ್‌ನ ಪಟ್ಟಿಗೆ ತಲುಪಲು ಸಮಯ ಬೇಕು, ಆದ್ದರಿಂದ ರೀಚಾರ್ಜನ್ನು ಹಿಂದಿನ ರಾತ್ರಿಯೇ ಮುಗಿಸಿ.